ಸಿಪ್ಯಾಪ್ ಯಂತ್ರ ಅಟ್ಟ ಸೇರುವುದೇಕೆ? ಸ್ಲೀಪ್ ಆಪ್ನಿಯಾ ಚಿಕಿತ್ಸೆಗೆ ಒಗ್ಗಿಕೊಳ್ಳುವ ಬಗೆ

ಸಂಗೀತ ನಿರ್ದೇಶಕ ಬಪ್ಪಿ ಲಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ, ಮುಂಬೈನ ಆಸ್ಪತ್ರೆ ತಿಳಿಸಿದ ಕಾರಣಗಳಲ್ಲಿ ‘ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ’ ಎಂಬ ಹೆಸರೂ ಇತ್ತು. ನಮ್ಮಲ್ಲಿ ಹಲವರು ಈ ಕಾಯಿಲೆಯ ಹೆಸರನ್ನು ಮೊದಲ ಸಲ ಕೇಳಿದ್ದು ಆಗಲೇ ಇರಬಹುದು. ಮರುವರ್ಷ ಜೂನ್‌ನಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ ಅವರ ಕೆನ್ನೆಯ ಮೇಲೆ ಪಟ್ಟಿಯ ಗುರುತುಗಳು ಕಂಡವು. ಅವರು ಇದೇ ತೊಂದರೆಗೆ ರಾತ್ರಿ ಸಿಪ್ಯಾಪ್ ಯಂತ್ರ ಬಳಸುತ್ತಾರೆ ಎಂದು ಶ್ವೇತಭವನ ಸ್ಪಷ್ಟಪಡಿಸಿತು.

ಕಾಯಿಲೆಯ ಹೆಸರು ಈಗ ಪರಿಚಿತ. ಅದಕ್ಕೆ ಯಂತ್ರವೊಂದಿದೆ ಎಂಬುದೂ ಗೊತ್ತು. ಆದರೆ ಯಂತ್ರ ಮನೆಗೆ ಬಂದ ಮೇಲೆ ಏನಾಗುತ್ತದೆ ಎಂಬ ಬಗ್ಗೆ ಮಾತು ಕಡಿಮೆ. ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದ ಯಂತ್ರ ನಾಲ್ಕು ದಿನ ಹಾಸಿಗೆಯ ಪಕ್ಕದಲ್ಲಿದ್ದು, ಆಮೇಲೆ ಡಬ್ಬಿಯೊಳಗೆ ಹೋಗಿ, ಕೊನೆಗೆ ಅಟ್ಟ ಸೇರುತ್ತದೆ. “ನನಗೆ ಅದು ಆಗಿಬರಲಿಲ್ಲ” ಎಂಬ ಒಂದು ಮಾತಿನಲ್ಲಿ ಚಿಕಿತ್ಸೆ ಮುಗಿದುಹೋಗುತ್ತದೆ. ಹೀಗೇಕೆ ಆಗುತ್ತದೆ? ಇದು ಯಂತ್ರದ ದೋಷವೇ, ಮನಸ್ಸಿನ ದೌರ್ಬಲ್ಯವೇ ಅಥವಾ ಬೇರೇನಾದರೂ ಇದೆಯೇ? ಈ ಲೇಖನದಲ್ಲಿ ನೋಡೋಣ.

ಸ್ಲೀಪ್ ಆಪ್ನಿಯಾ ಎಂದರೇನು?

ಜೋರಾಗಿ ಗೊರಕೆ ಹೊಡೆಯುವವರನ್ನು ಕಂಡರೆ ನಾವು “ಕುಂಭಕರ್ಣ ನಿದ್ದೆ” ಎಂದು ನಗುತ್ತೇವೆ. ಗೊರಕೆ ಗಾಢ ನಿದ್ದೆಯ ಗುರುತು ಎಂಬ ನಂಬಿಕೆ ಎಷ್ಟು ಹಳೆಯದೋ, ಅಷ್ಟೇ ತಪ್ಪು. ಗೊರಕೆ ಎಂದರೆ ಉಸಿರಿನ ದಾರಿ ಕಿರಿದಾಗಿದೆ ಎಂದರ್ಥ. ಎಚ್ಚರವಿದ್ದಾಗ ನಾಲಿಗೆ ಮತ್ತು ಗಂಟಲಿನ ಸ್ನಾಯುಗಳು ಆ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಬಂದಾಗ ಅವು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ತೆಳುವಾದ ಸ್ಟ್ರಾದಲ್ಲಿ ಎಳನೀರನ್ನು ಜೋರಾಗಿ ಎಳೆದಾಗ ಸ್ಟ್ರಾ ಒಳಕ್ಕೆ ಅಂಟಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಗಂಟಲಲ್ಲಿ ಆಗುವುದೂ ಬಹುಮಟ್ಟಿಗೆ ಹಾಗೆಯೇ.

ಆಗ ಎದೆ ಉಸಿರಿಗಾಗಿ ಸೆಣಸುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ಒಂದು ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಎದ್ದಿದ್ದು ಕೆಲವೇ ಸೆಕೆಂಡುಗಳಾದ್ದರಿಂದ ಬೆಳಿಗ್ಗೆ ನೆನಪಿರುವುದಿಲ್ಲ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅದನ್ನು ಒಂದು ‘ಆಪ್ನಿಯಾ’ ಎಂದು ಎಣಿಸುತ್ತಾರೆ. ಉಸಿರು ನಿಲ್ಲುವುದು ಮತ್ತು ಗಣನೀಯವಾಗಿ ಕುಗ್ಗುವುದು ಎರಡೂ ಸೇರಿ ವಯಸ್ಕರಲ್ಲಿ ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ನಿದ್ರಾ ಪರೀಕ್ಷೆಯ ವರದಿಯಲ್ಲಿ ಕಾಣುವ ‘ಎಎಚ್‌ಐ’ ಸಂಖ್ಯೆ ಇದೇ.

2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69 ವಯಸ್ಸಿನ ಸುಮಾರು 93.6 ಕೋಟಿ ಜನರಿಗೆ ಈ ತೊಂದರೆ ಒಂದಲ್ಲ ಒಂದು ಮಟ್ಟದಲ್ಲಿದೆ. ಇದು ದಪ್ಪಗಿರುವ ಗಂಡಸರಿಗೆ ಮಾತ್ರ ಬರುವ ಕಾಯಿಲೆಯೂ ಅಲ್ಲ. ಚಿಕ್ಕ ದವಡೆ, ಕಿರಿದಾದ ಗಂಟಲು ಇರುವ ಸಪೂರ ಮೈಯವರಿಗೂ ಬರಬಹುದು. ಹೆಂಗಸರಲ್ಲಿ ಗೊರಕೆಗಿಂತ ಸುಸ್ತು, ತಲೆನೋವು, ನಿದ್ದೆ ಬಾರದಿರುವಿಕೆಯೇ ಮುಂದಾಗಿ ಕಾಣಿಸಿಕೊಳ್ಳುವುದರಿಂದ ಎಷ್ಟೋ ಸಲ ಪತ್ತೆಯೇ ಆಗುವುದಿಲ್ಲ.

ಈ ಯಂತ್ರ ಮಾಡುವುದೇನು?

ಕೋವಿಡ್ ಕಾಲದ ಬಳಿಕ “ಉಸಿರಾಟದ ಯಂತ್ರ” ಎಂದರೆ ನಮ್ಮ ಕಣ್ಣ ಮುಂದೆ ಐಸಿಯು, ವೆಂಟಿಲೇಟರ್, ಆಕ್ಸಿಜನ್ ಸಿಲಿಂಡರ್ ಬರುತ್ತವೆ. “ಅಪ್ಪನಿಗೆ ಆಕ್ಸಿಜನ್ ಇಟ್ಟಿದ್ದಾರಂತೆ” ಎಂದು ನೆಂಟರಲ್ಲಿ ಸುದ್ದಿ ಹಬ್ಬುವುದೂ ಇದರಿಂದಲೇ. ಸಂವಹನವನ್ನು ಓದಿದ ನಮಗೆ ಇಲ್ಲಿ ಕಾಣುವ ಮೊದಲ ತೊಡಕು ಈ ಹೆಸರಿನದೇ. ಹೆಸರು ಕೇಳಿಯೇ ಹೆದರಿದವರು ಯಂತ್ರವನ್ನು ಸಮಾಧಾನದಿಂದ ಮುಟ್ಟುವುದು ಕಷ್ಟ.

ಸಿಪ್ಯಾಪ್ ನಿಮ್ಮ ಪರವಾಗಿ ಉಸಿರಾಡುವುದಿಲ್ಲ. ಸಾಮಾನ್ಯವಾಗಿ ಅದರಿಂದ ಬರುವುದು ಆಕ್ಸಿಜನ್ ಅಲ್ಲ, ಕೋಣೆಯದೇ ಗಾಳಿ. ಒಂದು ಸಣ್ಣ ಫ್ಯಾನು ಆ ಗಾಳಿಯನ್ನು ಸೋಸಿ, ಸ್ವಲ್ಪ ಒತ್ತಡದಲ್ಲಿ ಕೊಳವೆಯ ಮೂಲಕ ಮಾಸ್ಕಿಗೆ ಕಳಿಸುತ್ತದೆ. ಆ ಒತ್ತಡ ಗಂಟಲಿನ ಗೋಡೆಗಳು ಕುಸಿಯದಂತೆ ಒಳಗಿನಿಂದ ಆಸರೆ ಕೊಡುತ್ತದೆ. ಉಸಿರಾಡುವವರು ನೀವೇ.

ಒತ್ತಡ ಎಷ್ಟು? ಹೆಚ್ಚಿನ ಯಂತ್ರಗಳಲ್ಲಿ 4ರಿಂದ 20 ಸೆಂಟಿಮೀಟರ್ ನೀರಿನಷ್ಟು. 10 ಸೆಂಟಿಮೀಟರ್ ಎಂದರೆ ಅರ್ಧ ಗೇಣಿಗೂ ಕಡಿಮೆ ಆಳದ ನೀರಿನ ಒತ್ತಡ, ನಮ್ಮ ಸುತ್ತಲಿನ ವಾತಾವರಣದ ಒತ್ತಡದ ಸುಮಾರು ನೂರನೇ ಒಂದು ಭಾಗ. ಶ್ವಾಸಕೋಶ ಒಡೆದೀತು ಎಂಬ ಭಯಕ್ಕೆ ಇದೇ ಉತ್ತರ. ಆದರೆ ಇಷ್ಟು ಕಡಿಮೆ ಒತ್ತಡವೂ ಮೂಗಿಗೆ ಮೊದಲ ದಿನ ಬಿರುಗಾಳಿಯಂತೆ ಅನಿಸುತ್ತದೆ ಎಂಬುದು ಅಷ್ಟೇ ನಿಜ. ಉಸಿರು ಬಿಡುವಾಗ ಎದುರು ಗಾಳಿ ಬರುವ ಅನುಭವ ಯಾರಿಗೂ ರೂಢಿಯಲ್ಲಿರುವುದಿಲ್ಲ.

ಇದನ್ನು ರೂಪಿಸಿದವರು ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್. ಅಲ್ಲಿಯವರೆಗೆ ತೀವ್ರ ಸ್ಲೀಪ್ ಆಪ್ನಿಯಾಕ್ಕೆ ಇದ್ದ ಖಚಿತ ಪರಿಹಾರವೆಂದರೆ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿಗೆ ಬೇರೆ ದಾರಿ ಕೊಡುವ ಶಸ್ತ್ರಚಿಕಿತ್ಸೆ. 1980ರಲ್ಲಿ ಸಲಿವನ್ ಮೊದಲ ರೋಗಿಯ ಮೇಲೆ ಗಾಳಿಯ ಒತ್ತಡದ ಪ್ರಯೋಗ ಮಾಡಿದರು. 1981ರಲ್ಲಿ ಐವರು ರೋಗಿಗಳ ಫಲಿತಾಂಶ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಆರಂಭದ ಯಂತ್ರಗಳಿಗೆ ವ್ಯಾಕ್ಯೂಮ್ ಕ್ಲೀನರ್ ಮೋಟಾರು ಬಳಸಿದ್ದರು, ಮಾಸ್ಕನ್ನು ದಿನವೂ ಮೂಗಿಗೆ ಅಂಟಿನಿಂದ ಅಂಟಿಸಬೇಕಿತ್ತು.

ಯಂತ್ರ ಸುಧಾರಿಸಿತು, ಬಳಕೆ ಏಕೆ ಸುಧಾರಿಸಲಿಲ್ಲ?

ಇಂದಿನ ಯಂತ್ರ ಊಟದ ಡಬ್ಬಿಯಷ್ಟು ಚಿಕ್ಕದು. ಸದ್ದು ಫ್ಯಾನಿಗಿಂತ ಕಡಿಮೆ. ಮಾಸ್ಕುಗಳು ಮೃದು ಸಿಲಿಕೋನಿನವು. ಹಾಗಿದ್ದರೆ ಬಿಟ್ಟುಬಿಡುವವರ ಪ್ರಮಾಣ ಇಳಿದಿರಬೇಕಲ್ಲವೇ? ಇಪ್ಪತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಬೇರೆಯೇ ಚಿತ್ರ ಕೊಟ್ಟಿತು. ಸರಿಯಾಗಿ ಬಳಸದವರ ಪ್ರಮಾಣ ಸುಮಾರು ಮೂರನೇ ಒಂದು ಭಾಗ, ಮತ್ತು ಇಪ್ಪತ್ತು ವರ್ಷಗಳಲ್ಲಿ ಅದು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ.

ಇನ್ನೊಂದು ಕಡೆ, ರೋಗಿಯ ಜೊತೆ ಕೂತು ಮಾತಾಡಿ, ತೊಂದರೆ ಕೇಳಿ, ಹಂತಹಂತವಾಗಿ ಅಭ್ಯಾಸ ಮಾಡಿಸುವ ವಿಧಾನಗಳಿಂದ ಬಳಕೆ ರಾತ್ರಿಗೆ ಸರಾಸರಿ ಒಂದು ಗಂಟೆಗೂ ಹೆಚ್ಚು ಏರಿದೆ ಎಂದು ಹಲವು ಪ್ರಯೋಗಗಳನ್ನು ಪರಿಶೀಲಿಸಿದ ಕಾಕ್ರೇನ್ ವರದಿ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಯಂತ್ರ ಉತ್ತಮವಾದರಷ್ಟೇ ಸಾಲದು. ಸಿಪ್ಯಾಪ್‌ನೊಂದಿಗೆ ಮಲಗುವುದು ಕಲಿಯಬೇಕಾದ ಕೌಶಲ, ಸೈಕಲ್ ಕಲಿತಂತೆ. ಸೈಕಲ್ ಕಲಿಯುವಾಗ ಮೊದಲ ದಿನ ಬಿದ್ದವರು “ನನ್ನ ಮೈಗೆ ಸೈಕಲ್ ಆಗುವುದಿಲ್ಲ” ಎನ್ನುವುದಿಲ್ಲ. ಮಾಸ್ಕಿನ ವಿಚಾರದಲ್ಲಿ ಮಾತ್ರ ನಾವು ಎರಡು ರಾತ್ರಿಯಲ್ಲೇ ತೀರ್ಪು ಕೊಟ್ಟುಬಿಡುತ್ತೇವೆ.

ನಮ್ಮಲ್ಲಿ ಇನ್ನೂ ಒಂದು ಕೊರತೆಯಿದೆ. ಕೆಲವೆಡೆ ಯಂತ್ರ ಮಾರಿದವರೇ ಮನೆಗೆ ಬಂದು ಜೋಡಿಸಿ, ಹತ್ತು ನಿಮಿಷದಲ್ಲಿ ವಿವರಿಸಿ ಹೋಗುತ್ತಾರೆ. ಆಮೇಲೆ ತೊಂದರೆಯಾದರೆ ಯಾರನ್ನು ಕೇಳಬೇಕು ಎಂಬುದೇ ಗೊತ್ತಿರುವುದಿಲ್ಲ. ಬಳಕೆಯ ರೂಢಿ ಬಹಳ ಬೇಗ, ಮೊದಲ ಒಂದೆರಡು ವಾರಗಳಲ್ಲೇ ಒಂದು ದಾರಿ ಹಿಡಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಸಹಾಯ ಬೇಕಾಗುವುದೂ ಆ ದಿನಗಳಲ್ಲೇ.

ಮಾಸ್ಕಿಗೆ ಹಂತಹಂತವಾಗಿ ಒಗ್ಗಿಕೊಳ್ಳುವುದು

ಮುಖಕ್ಕೆ ಮಾಸ್ಕ್ ಕಟ್ಟಿದೊಡನೆ ಉಸಿರು ಕಟ್ಟಿದಂತೆ, ಮೂಗುದಾರ ಹಾಕಿದಂತೆ ಅನಿಸುವುದು ತೀರಾ ಸಾಮಾನ್ಯ. ಇದನ್ನು ರಾತ್ರಿ, ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ ಎದುರಿಸಲು ಹೋಗುವುದೇ ತಪ್ಪು. ನಿದ್ರಾ ತಜ್ಞರು ಹೇಳಿಕೊಡುವ ಕ್ರಮ ಸರಳವಾದುದು.

ಮೊದಲಿಗೆ ಹಗಲಿನಲ್ಲಿ, ಎಚ್ಚರವಿರುವಾಗ, ಯಂತ್ರಕ್ಕೆ ಜೋಡಿಸದೆ ಮಾಸ್ಕನ್ನು ಕೈಯಿಂದ ಮೂಗಿಗೆ ಹಿಡಿದುಕೊಳ್ಳಿ. ಬೇಕೆಂದಾಗ ತೆಗೆಯಬಹುದು ಎಂಬುದು ಮನಸ್ಸಿಗೆ ಗೊತ್ತಾಗಲಿ. ಅದು ಹಿತವಾದ ಮೇಲೆ ಪಟ್ಟಿ ಕಟ್ಟಿಕೊಂಡು ಟಿವಿ ನೋಡಿ, ಪೇಪರ್ ಓದಿ. ನಂತರ ಯಂತ್ರ ಚಾಲೂ ಮಾಡಿ, ಕೂತಲ್ಲೇ ಹದಿನೈದು ಇಪ್ಪತ್ತು ನಿಮಿಷ ಉಸಿರಾಡಿ. ಆಮೇಲೆ ಮಧ್ಯಾಹ್ನದ ಜೊಂಪಿಗೆ ಹಾಕಿಕೊಳ್ಳಿ. ಕೊನೆಗೆ ರಾತ್ರಿಗೆ. ಒಂದು ಹಂತ ಕಷ್ಟವಾದರೆ ಹಿಂದಿನ ಹಂತಕ್ಕೆ ಮರಳಬಹುದು. ಕೆಲವರಿಗೆ ಇದೆಲ್ಲ ಮೂರು ದಿನದಲ್ಲಿ ಮುಗಿಯುತ್ತದೆ, ಕೆಲವರಿಗೆ ಮೂರು ವಾರ ಹಿಡಿಯುತ್ತದೆ.

ಯಂತ್ರದಲ್ಲೇ ಇರುವ ಎರಡು ಸೌಲಭ್ಯಗಳನ್ನು ಕೇಳಿ ತಿಳಿದುಕೊಳ್ಳಿ. ‘ರ‍್ಯಾಂಪ್’ ಎಂಬುದು ಕಡಿಮೆ ಒತ್ತಡದಿಂದ ಶುರುಮಾಡಿ, ನಿಮಗೆ ನಿದ್ದೆ ಹತ್ತುವ ಹೊತ್ತಿಗೆ ನಿಧಾನವಾಗಿ ಏರಿಸುತ್ತದೆ. ಇನ್ನೊಂದು, ಉಸಿರು ಬಿಡುವಾಗ ಒತ್ತಡವನ್ನು ಕೊಂಚ ಇಳಿಸುವ ವ್ಯವಸ್ಥೆ. ಎದುರು ಗಾಳಿಯ ಅನುಭವ ಇದರಿಂದ ತಗ್ಗುತ್ತದೆ. ಆದರೆ ಚಿಕಿತ್ಸೆಯ ಮುಖ್ಯ ಒತ್ತಡವನ್ನು ವೈದ್ಯರನ್ನು ಕೇಳದೆ ನೀವೇ ಬದಲಿಸಬೇಡಿ.

ತೊಂದರೆಗಳು ಮತ್ತು ಅವುಗಳ ಕಾರಣ

“ಆಗಿಬರಲಿಲ್ಲ” ಎಂಬ ಮಾತಿನ ಹಿಂದೆ ಬಹುಪಾಲು ಒಂದು ನಿರ್ದಿಷ್ಟ ತೊಂದರೆ ಇರುತ್ತದೆ. ಅದಕ್ಕೆ ಪರಿಹಾರವೂ ಇರುತ್ತದೆ.

ಗಾಳಿ ಸೋರಿ ಕಣ್ಣಿಗೆ ಬಡಿಯುವುದು: ಎಲ್ಲರೂ ಮಾಡುವ ಮೊದಲ ಕೆಲಸ ಪಟ್ಟಿಯನ್ನು ಬಿಗಿಯುವುದು. ತೀರಾ ಬಿಗಿದರೆ ಮಾಸ್ಕಿನ ಅಂಚು ಮಡಚಿಕೊಂಡು ಸೋರಿಕೆ ಹೆಚ್ಚಬಹುದು, ಮೂಗಿನ ಮೇಲೆ ಗಾಯವೂ ಆಗಬಹುದು. ಮಲಗಿದಾಗ ಮುಖದ ಆಕಾರ ಬದಲಾಗುವುದರಿಂದ, ಕೂತು ಕನ್ನಡಿ ನೋಡಿ ಹೊಂದಿಸುವ ಬದಲು ಮಲಗಿಕೊಂಡು ಗಾಳಿ ಬರುತ್ತಿರುವಾಗಲೇ ಹೊಂದಿಸಿ. ಮುಖಕ್ಕೆ ಎಣ್ಣೆ, ಕ್ರೀಮು ಹಚ್ಚಿದ್ದರೆ ತೊಳೆದು ಮಲಗಿ. ಗಡ್ಡ, ದಪ್ಪ ಮೀಸೆ ಇದ್ದವರು ಮೂಗಿನ ಹೊಳ್ಳೆಗಷ್ಟೇ ಕೂರುವ ಚಿಕ್ಕ ಮಾಸ್ಕ್ ಪ್ರಯತ್ನಿಸಬಹುದು.

ಬೆಳಿಗ್ಗೆ ಬಾಯಿ, ಗಂಟಲು ಒಣಗುವುದು: ಬಾಯಿಂದ ಗಾಳಿ ಹೊರಹೋಗುತ್ತಿರಬಹುದು. ಮೂಗು ಕಟ್ಟಿದ್ದರೆ ಬಾಯಿ ತೆರೆಯುವುದು ಸಹಜ. ಧೂಳಿನ ಅಲರ್ಜಿ, ಮೂಗಿನ ಗೋಡೆ ಸೊಟ್ಟಗಿರುವುದು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಲಿ. ಗಾಳಿಗೆ ಬೆಚ್ಚನೆಯ ತೇವ ಸೇರಿಸುವ ಹ್ಯುಮಿಡಿಫೈಯರ್ ಬಹಳ ಮಂದಿಗೆ ನೆರವಾಗುತ್ತದೆ. ಬಾಯಿ ಮೂಗು ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಕೆಲವರಿಗೆ ಬೇಕೇ ಬೇಕು. ಆದರೆ ಮೂಗಿನ ಮಾಸ್ಕಿಗೆ ಹೋಲಿಸಿದರೆ ಅದರಲ್ಲಿ ಸೋರಿಕೆ ಹೆಚ್ಚು, ಬಳಕೆಯ ಅವಧಿ ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ಆದ್ದರಿಂದ ಎಲ್ಲರಿಗೂ ಮೊದಲ ಆಯ್ಕೆ ಅದೇ ಆಗಬೇಕಿಲ್ಲ.

ಕೊಳವೆಯಲ್ಲಿ ನೀರು ಗುಳುಗುಳು ಎನ್ನುವುದು: ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಕೊಳವೆಯಲ್ಲಿ ನೀರಾಗುತ್ತದೆ. ಎಸಿ ಕೋಣೆಯಲ್ಲೂ, ಮಲೆನಾಡಿನ ಚಳಿಯಲ್ಲೂ ಇದು ಹೆಚ್ಚು. ತೇವದ ಮಟ್ಟ ಇಳಿಸಿ, ಕೊಳವೆಗೆ ಬಟ್ಟೆಯ ಹೊದಿಕೆ ಹಾಕಿ ಅಥವಾ ಬಿಸಿಯಾಗುವ ಕೊಳವೆ ಬಳಸಿ.

ಹೊಟ್ಟೆ ಉಬ್ಬರ: ಕೆಲವರು ನಿದ್ದೆಯಲ್ಲಿ ಗಾಳಿ ನುಂಗುತ್ತಾರೆ. ಒತ್ತಡ ಹೆಚ್ಚಾಗಿರಬಹುದು ಅಥವಾ ಮಲಗುವ ಭಂಗಿ ಬದಲಿಸಬೇಕಾಗಬಹುದು. ವೈದ್ಯರಿಗೆ ತಿಳಿಸಿ, ಸೆಟ್ಟಿಂಗ್ ಬದಲಿಸಲು ಬರುತ್ತದೆ.

ಕರೆಂಟ್ ಹೋಗುವುದು: ನಮ್ಮೂರುಗಳಲ್ಲಿ ಇದು ನಿಜವಾದ ಚಿಂತೆ. ಯಂತ್ರ ನಿಂತರೆ ಮಾಸ್ಕಿನೊಳಗೆ ಉಸಿರುಗಟ್ಟುತ್ತದೆಯೇ? ಮೂಗಿನ ಮಾಸ್ಕ್ ಇದ್ದರೆ ಬಾಯಿಂದ ಉಸಿರಾಡಬಹುದು. ದೊಡ್ಡ ಮಾಸ್ಕಿನಲ್ಲಿ, ಗಾಳಿ ನಿಂತ ಕೂಡಲೇ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಕವಾಟ ಇರುತ್ತದೆ. ಮನೆಯ ಇನ್ವರ್ಟರ್‌ಗೆ ಯಂತ್ರ ಜೋಡಿಸಲು ಬರುತ್ತದೆಯೇ ಎಂದು ಕೈಪಿಡಿ ನೋಡಿ. ಹೆಚ್ಚು ವಿದ್ಯುತ್ ಎಳೆಯುವುದು ಹ್ಯುಮಿಡಿಫೈಯರ್. ಅದನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ನೀರು ಮತ್ತು ಸ್ವಚ್ಛತೆ: ಬೋರ್‌ವೆಲ್ ನೀರು ಹಾಕಿದರೆ ಗೀಸರಿನಲ್ಲಿ ಕಟ್ಟುವಂತೆ ತೊಟ್ಟಿಯಲ್ಲೂ ಬಿಳಿಯ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ, ಉಳಿದದ್ದನ್ನು ಬೆಳಿಗ್ಗೆ ಚೆಲ್ಲಿಬಿಡಿ. ಮುಖಕ್ಕೆ ತಾಗುವ ಭಾಗವನ್ನು ದಿನವೂ, ಕೊಳವೆಯನ್ನು ವಾರಕ್ಕೊಮ್ಮೆ ಸೌಮ್ಯ ಸೋಪು ನೀರಿನಲ್ಲಿ ತೊಳೆದರೆ ಸಾಕು. ಓಝೋನ್ ಬಿಟ್ಟು ಶುಚಿಮಾಡುವ ಪೆಟ್ಟಿಗೆಗಳ ಬಗ್ಗೆ ಅಮೆರಿಕದ ಎಫ್‌ಡಿಎ 2020ರಲ್ಲೇ ಎಚ್ಚರಿಸಿದೆ.

ಎಷ್ಟು ಹೊತ್ತು ಹಾಕಿಕೊಂಡರೆ ಸಾಕು?

“ನಾಲ್ಕು ಗಂಟೆ ಸಾಕು” ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇದರ ಪ್ರಚಾರದ ಹಿಂದೆ ಅಮೆರಿಕದ ಸರ್ಕಾರಿ ವಿಮೆಯ ನಿಯಮವಿದೆ. 30 ದಿನಗಳಲ್ಲಿ ಶೇ 70ರಷ್ಟು ರಾತ್ರಿ ಕನಿಷ್ಠ 4 ಗಂಟೆ ಬಳಸಿದರೆ ಯಂತ್ರದ ವೆಚ್ಚ ಭರಿಸುವುದನ್ನು ಮುಂದುವರಿಸುತ್ತಾರೆ. ಅದು ಲೆಕ್ಕಕ್ಕಾಗಿ ಹಾಕಿಕೊಂಡ ಗೆರೆ, ಆರೋಗ್ಯದ ಗುರಿಯಲ್ಲ.

2007ರ ಒಂದು ಅಧ್ಯಯನದಲ್ಲಿ, ತಮಗೆ ತೂಕಡಿಕೆ ಕಡಿಮೆಯಾಗಿದೆ ಎಂದು ರೋಗಿಗಳಿಗೆ ಅನಿಸಲು ಸುಮಾರು 4 ಗಂಟೆ ಬಳಕೆ ಸಾಕಾಯಿತು. ಪ್ರಯೋಗಾಲಯದಲ್ಲಿ ಅಳೆದ ತೂಕಡಿಕೆ ಸುಧಾರಿಸಲು 6 ಗಂಟೆ, ದಿನನಿತ್ಯದ ಕೆಲಸಕಾರ್ಯ ಸಹಜವಾಗಲು 7.5 ಗಂಟೆಯವರೆಗೂ ಬೇಕಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಕನಸು ಬೀಳುವ ನಿದ್ದೆಯ ಹಂತ ಬೆಳಗಿನ ಜಾವದಲ್ಲಿ ಹೆಚ್ಚು. ಆಗ ಸ್ನಾಯುಗಳು ಇನ್ನಷ್ಟು ಸಡಿಲವಾಗಿ ಹಲವರಲ್ಲಿ ಆಪ್ನಿಯಾ ಹೆಚ್ಚುತ್ತದೆ. ರಾತ್ರಿ ಎರಡು ಗಂಟೆಗೆ ಮಾಸ್ಕ್ ತೆಗೆದಿಟ್ಟವರು ಮಳೆ ಜೋರಾದಾಗಲೇ ಕೊಡೆ ಮಡಚಿದಂತೆ.

ಹೃದಯದ ವಿಷಯಕ್ಕೆ ಬಂದರೆ ಅತಿಯಾದ ಭರವಸೆ ಕೊಡುವುದೂ ತಪ್ಪು. ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಈಗಾಗಲೇ ಇದ್ದ 2,717 ಮಂದಿಯನ್ನು ಒಳಗೊಂಡ, 2016ರಲ್ಲಿ ಪ್ರಕಟವಾದ ‘ಸೇವ್’ ಪ್ರಯೋಗದಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಕಡಿಮೆಯಾಗಲಿಲ್ಲ. ಆದರೆ ಅವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಮಾತ್ರ ಎಂಬುದನ್ನೂ ನೆನಪಿಡಬೇಕು. ಗೊರಕೆ, ಹಗಲಿನ ತೂಕಡಿಕೆ, ಮನಸ್ಸಿನ ಸ್ಥಿತಿ ಮಾತ್ರ ಅಷ್ಟರಲ್ಲೂ ಸುಧಾರಿಸಿದವು. ರಾತ್ರಿ ಬಸ್ಸು, ಲಾರಿ, ಟ್ಯಾಕ್ಸಿ ಓಡಿಸುವವರಿಗೆ ಈ ಒಂದು ಲಾಭವೇ ಜೀವ ಉಳಿಸುವಂಥದ್ದು.

ಕೆಲವು ತಪ್ಪು ಕಲ್ಪನೆಗಳು

“ಒಮ್ಮೆ ಹಾಕಿಕೊಂಡರೆ ಚಟವಾಗುತ್ತದೆ, ಶ್ವಾಸಕೋಶ ಸೋಮಾರಿಯಾಗುತ್ತದೆ.” ಹಾಗಾಗುವುದಿಲ್ಲ. ಬಿಟ್ಟ ಕೆಲವೇ ರಾತ್ರಿಗಳಲ್ಲಿ ಗೊರಕೆ ಮತ್ತು ಆಪ್ನಿಯಾ ಮರಳುವುದು ನಿಜ. ಅದು ಚಟವಲ್ಲ, ಕಾಯಿಲೆ ಇನ್ನೂ ಅಲ್ಲೇ ಇದೆ ಎಂಬುದರ ಗುರುತು. ಕನ್ನಡಕ ತೆಗೆದರೆ ಮಂಜಾಗಿ ಕಾಣುವುದು ಕನ್ನಡಕದ ತಪ್ಪಲ್ಲವಲ್ಲ.

“ಪ್ರಾಣಾಯಾಮ ಮಾಡಿದರೆ ಯಂತ್ರ ಬೇಡ.” ಪ್ರಾಣಾಯಾಮ ಮನಸ್ಸಿಗೆ ನೆಮ್ಮದಿ ಕೊಡಬಹುದು, ಮಾಸ್ಕಿನ ಗಾಬರಿ ತಗ್ಗಿಸಲೂ ನೆರವಾಗಬಹುದು. ಆದರೆ ನಿದ್ದೆಯಲ್ಲಿ ಸಡಿಲವಾಗುವ ಗಂಟಲನ್ನು ಅದು ತೆರೆದು ಹಿಡಿಯುವುದಿಲ್ಲ. ಬಾಯಿಗೆ ಟೇಪ್ ಅಂಟಿಸಿಕೊಂಡು ಮಲಗುವ ಹೊಸ ಗೀಳು ಮೂಗು ಕಟ್ಟಿರುವವರಿಗೆ ಅಪಾಯಕಾರಿಯೂ ಆಗಬಹುದು.

“ಇದು ಜೀವನಪರ್ಯಂತ, ಬೇರೆ ದಾರಿಯೇ ಇಲ್ಲ.” ಎಲ್ಲರಿಗೂ ಅಲ್ಲ. ತೂಕ ಇಳಿಸಿದರೆ ಹಲವರಲ್ಲಿ ತೀವ್ರತೆ ತಗ್ಗುತ್ತದೆ. ಸ್ಥೂಲಕಾಯ ಇರುವವರ ಮಧ್ಯಮ ಮತ್ತು ತೀವ್ರ ಆಪ್ನಿಯಾಕ್ಕೆ ಟಿರ್ಜೆಪಟೈಡ್ ಔಷಧಿಯನ್ನು ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಅನುಮೋದಿಸಲಾಗಿದೆ. ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಕೆಲವರಿಗೆ ಮಗ್ಗುಲಾಗಿ ಮಲಗುವುದೇ ಬಹಳ ನೆರವಾಗುತ್ತದೆ. ಸಿಪ್ಯಾಪ್ ನಿಜಕ್ಕೂ ಸಾಧ್ಯವಾಗದವರು ಚಿಕಿತ್ಸೆಯನ್ನೇ ಬಿಡುವ ಬದಲು ಇವುಗಳ ಬಗ್ಗೆ ವೈದ್ಯರಲ್ಲಿ ಕೇಳಬೇಕು.

“ಪಕ್ಕದ ಮನೆಯವರು ಬಿಟ್ಟ ಯಂತ್ರವನ್ನೇ ಕೊಂಡರಾಯಿತು.” ಒತ್ತಡ ಒಬ್ಬೊಬ್ಬರಿಗೂ ಬೇರೆ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಸದ್ದು ತಡೆಯುವ ಒಳಗಿನ ಫೋಮ್ ಪುಡಿಯಾಗುವ ಸಾಧ್ಯತೆಯಿಂದ ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳನ್ನು ಹಿಂಪಡೆಯಬೇಕಾಯಿತು. ಹಳೆಯ ಯಂತ್ರವಾದರೆ ಅದು ಆ ಪಟ್ಟಿಯಲ್ಲಿದೆಯೇ ಎಂದು ನೋಡಲೇಬೇಕು. ದೊಡ್ಡ ಊರುಗಳಲ್ಲಿ ಬಾಡಿಗೆಗೂ ಯಂತ್ರ ಸಿಗುತ್ತದೆ. ಕೊಳ್ಳುವ ಮುಂಚೆ ಕೆಲವು ವಾರ ಬಾಡಿಗೆಗೆ ಪಡೆದು ನೋಡುವುದು ಜಾಣತನ.

ಮನೆಯವರ ಪಾತ್ರ

ಗೊರಕೆಯ ನಡುವೆ ಉಸಿರು ನಿಲ್ಲುವುದನ್ನು ಮೊದಲು ಕಾಣುವವರು ಪಕ್ಕದಲ್ಲಿ ಮಲಗುವವರೇ. ಒಗ್ಗಿಕೊಳ್ಳುವ ದಿನಗಳಲ್ಲೂ ಅವರ ಮಾತಿಗೆ ತೂಕ ಹೆಚ್ಚು. “ಆನೆ ಸೊಂಡಿಲು ಬಂತು” ಎಂಬ ಒಂದು ತಮಾಷೆ ಸಾಕು, ಮಾಸ್ಕ್ ಡಬ್ಬಿ ಸೇರಲು. ಮದುವೆ ಮನೆಗೆ ಹೋದಾಗ, ನೆಂಟರ ಮನೆಯಲ್ಲಿ ತಂಗಿದಾಗ ನಾಚಿಕೆಯಿಂದ ಯಂತ್ರ ಒಯ್ಯದವರೂ ಇರುತ್ತಾರೆ. ದಿನವೂ “ಹಾಕಿಕೊಂಡಿರಾ ಇಲ್ಲವಾ” ಎಂದು ಪೊಲೀಸರಂತೆ ವಿಚಾರಿಸುವುದಕ್ಕಿಂತ, ಮಲಗಿದಾಗ ಎಲ್ಲಿ ಗಾಳಿ ಸೋರುತ್ತಿದೆ ಎಂದು ನೋಡಿ ಹೇಳುವುದು, ಬೆಳಿಗ್ಗೆ ತೊಟ್ಟಿಯ ನೀರು ಚೆಲ್ಲುವುದು ಹೆಚ್ಚು ಉಪಯೋಗದ್ದು.

ಕೊನೆಯ ಮಾತು

ಮೊದಲ ರಾತ್ರಿಯೇ ಹೊಸ ಹುಟ್ಟು ಬಂದಂತೆ ಎದ್ದವರಿದ್ದಾರೆ. ತಿಂಗಳಾದ ಮೇಲೆ ನಿಧಾನವಾಗಿ ವ್ಯತ್ಯಾಸ ಕಂಡವರೂ ಇದ್ದಾರೆ. ಮೊದಲೇ ತೂಕಡಿಕೆ ಇಲ್ಲದವರಿಗೆ ಲಾಭ ಸುಲಭವಾಗಿ ಅನುಭವಕ್ಕೆ ಬರುವುದಿಲ್ಲ, ಹಾಗಾಗಿ ಅವರು ಬೇಗ ಬಿಡುತ್ತಾರೆ. ಈಗಿನ ಹೆಚ್ಚಿನ ಯಂತ್ರಗಳು ಎಷ್ಟು ಗಂಟೆ ಬಳಸಿದಿರಿ, ಎಷ್ಟು ಸೋರಿಕೆಯಾಯಿತು, ಎಷ್ಟು ಆಪ್ನಿಯಾ ಉಳಿದಿದೆ ಎಂಬುದನ್ನು ದಾಖಲಿಸುತ್ತವೆ. ಉಳಿದ ಆಪ್ನಿಯಾ ಗಂಟೆಗೆ 5ಕ್ಕಿಂತ ಕಡಿಮೆ ಇರುವುದು ಸಾಮಾನ್ಯ ಗುರಿ. ಯಂತ್ರ ತಂದ ಎರಡು ಮೂರು ವಾರಗಳಲ್ಲೇ ಆ ದಾಖಲೆ ಹಿಡಿದು ವೈದ್ಯರನ್ನು ಕಾಣಿ. “ಆಗುತ್ತಿಲ್ಲ” ಎನ್ನುವ ಬದಲು “ಮೂಗಿನ ಎಡಗಡೆ ಗಾಳಿ ಸೋರುತ್ತಿದೆ”, “ಮೂರು ಗಂಟೆಗೆ ಎಚ್ಚರವಾಗುತ್ತಿದೆ” ಎಂದು ಹೇಳಿ. ಹೀಗೆ ಹೇಳಿದರೆ ಮಾಸ್ಕಿನ ಅಳತೆ, ತೇವದ ಮಟ್ಟ ಅಥವಾ ಒತ್ತಡ, ಇವುಗಳಲ್ಲಿ ಯಾವುದನ್ನು ಬದಲಿಸಬೇಕು ಎಂಬುದು ಅವರಿಗೆ ತಿಳಿಯುತ್ತದೆ. ಅಟ್ಟದ ಮೇಲೆ ಈಗಾಗಲೇ ಯಂತ್ರ ಇರುವವರೂ ಈ ಕೆಲಸವನ್ನು ಇಂದೇ ಶುರುಮಾಡಬಹುದು.